ಪಂಪ್‌ಸೆಟ್ಟಿನ ಕೆಮ್ಮು

ನಮ್ಮ ಮನೆಯಲ್ಲಿ ಕೆಮ್ಮಿದವರು ಯಾರೆಂದು ನಾನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಅತ್ತೆಯದು ಒಣಕೆಮ್ಮು. ಗಂಡನದು ಮಾತು ಬದಲಿಸಬೇಕಾದಾಗ ಮಾತ್ರ ಬರುವಂಥದ್ದು. ಆದರೆ ಪೆಟ್ರೋಲ್ ಪಂಪ್‌ಸೆಟ್ಟಿನ ಕೆಮ್ಮಿನ ಅರ್ಥ ತಿಳಿಯಲು ಕಳೆದ ಬೇಸಿಗೆಯೇ ಬರಬೇಕಾಯಿತು.

ರಾವಂದೂರಿನ ಹತ್ತಿರ ನಮ್ಮ ಹೊಲ. ಹೊಗೆಸೊಪ್ಪಿನ ಸಸಿಮಡಿ ಹಾಕಿ, ಸಸಿ ಉಗುರಿನಷ್ಟು ಎಲೆ ಬಿಟ್ಟಿದ್ದಾಗ ಟ್ರಾನ್ಸ್‌ಫಾರ್ಮರ್ ಸುಟ್ಟು ಬೋರ್‌ವೆಲ್ ಮೋಟಾರು ನಿಂತಿತು. ಹೊಸದು ಯಾವಾಗ ಬರುತ್ತದೆಂದು ಯಾರೂ ಹೇಳಲಿಲ್ಲ. ಆ ವಯಸ್ಸಿನ ಸಸಿ ಒಂದು ಹೊತ್ತು ನೀರು ತಪ್ಪಿದರೂ ತಲೆ ಬಗ್ಗಿಸುತ್ತದೆ, ಎರಡು ದಿನ ತಪ್ಪಿದರೆ ಮತ್ತೆ ಎತ್ತುವುದಿಲ್ಲ. ಗಂಡ ಬೈಕಿನಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಹೀಗಾಗಿ, ಮಾವ ಕೊಂಡಿದ್ದ ಹಳೆಯ ಪಂಪ್‌ಸೆಟ್ಟನ್ನು ಅತ್ತೆಯೂ ನಾನೂ ಕೊಟ್ಟಿಗೆಯಿಂದ ಎಳೆದು ಹೊಲದ ಪಕ್ಕದ ಕಟ್ಟೆಯ, ಅಂದರೆ ಸಣ್ಣ ಕೆರೆಯ, ದಡಕ್ಕೆ ಸಾಗಿಸಿದೆವು.

ಹಗ್ಗ ಎಳೆದ ಕೂಡಲೇ ಸ್ಟಾರ್ಟ್ ಆಯಿತು. ನೀರೂ ಬಂತು. ಮೊದಲ ಮಡಿ ನೆನೆಯುವಷ್ಟರಲ್ಲಿ ಅದರ ದನಿ ಏರಿತು, ಇಳಿಯಿತು, ನಾಲ್ಕು ಸಲ ಕೆಮ್ಮಿ ನಿಂತೇಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಮತ್ತೆ ಓಟ, ಮತ್ತೆ ಕೆಮ್ಮು. ಪ್ಲಗ್ ಬಿಚ್ಚಿ ಮಸಿ ಉಜ್ಜಿದೆ. ಹಳೆಯ ಪೆಟ್ರೋಲ್ ಚೆಲ್ಲಿ ಹೊಸದು ಸುರಿದೆ. ಗಂಡ ಹೊಂಗೆಮರದ ಕೆಳಗೆ ಕುಳಿತು ಎಡಗೈಯಲ್ಲೇ ಅಪ್ಪಣೆ ಕೊಡಿಸುತ್ತಿದ್ದರು. ಕಡೆಗೆ ಬೇಸತ್ತು, “ಗುಜರಿಗೆ ಹಾಕುವ ಬುಡು, ಅದರ ಕಾಲ ಮುಗೀತು” ಅಂದರು.

“ಸಸಿ ಕಾಲ ಮುಗಿಯಕ್ಮುಂಚೆ ಇದ್ನ ಓಡುಸ್ತೀನಿ. ನೀವು ವಸಿ ಸುಮ್ಕಿರಿ.”

ಹೇಳುವುದು ಸುಲಭ. ಆ ಸಂಜೆ ಅತ್ತೆಯೂ ನಾನೂ ಕೊಡದಲ್ಲಿ ನೀರು ಹೊತ್ತು, ಅರ್ಧ ಮಡಿಗಳನ್ನಷ್ಟೇ ನೆನೆಸಿದೆವು.

ಬೆಳಿಗ್ಗೆ ಅದನ್ನು ಗೂಡ್ಸ್ ಆಟೋದಲ್ಲಿ ಪಿರಿಯಾಪಟ್ಟಣಕ್ಕೆ ಒಯ್ದೆ. ಮೆಕ್ಯಾನಿಕ್ ಕಾರ್ಬುರೇಟರ್ ತೊಳೆದು, ಬಾಟಲಿಯೊಂದರಲ್ಲಿ ಪೆಟ್ರೋಲ್ ತುಂಬಿ ಮೇಲೆ ತೂಗುಹಾಕಿ, ಅದರಿಂದಲೇ ಪೈಪು ಕೊಟ್ಟು ಓಡಿಸಿದ. ಕೆಮ್ಮಿಲ್ಲ, ದಮ್ಮಿಲ್ಲ. ಸಂಭ್ರಮದಿಂದ ತಂದು ಕಟ್ಟೆಯ ದಡದಲ್ಲಿಟ್ಟರೆ ಅದೇ ರಾಗ! ಡಾಕ್ಟರ ಮುಂದೆ ಕುಳಿತ ಕೂಡಲೇ ನಮ್ಮ ನೋವೂ ಹೀಗೇ ಮಾಯವಾಗಿ ನಮ್ಮನ್ನು ಸುಳ್ಳರನ್ನಾಗಿ ಮಾಡುತ್ತದಲ್ಲ. ಫೋನ್ ಮಾಡಿದರೆ ಮೆಕ್ಯಾನಿಕ್, ತನ್ನ ಹತ್ತಿರ ಚೆನ್ನಾಗೇ ಓಡಿತಲ್ಲ ಅಂದ. ಅವನು ಹೇಳಿದ್ದೂ ನಿಜವೇ.

ಸಿಟ್ಟು ಬಂತು. ಆಮೇಲೆ ಆ ‘ನಿಜ’ವನ್ನೇ ಹಿಡಿದು ಕುಳಿತೆ. ಅಲ್ಲಿ ಓಡುತ್ತದೆ, ಇಲ್ಲಿ ಓಡುವುದಿಲ್ಲ. ಎಂಜಿನ್ ಒಂದೇ, ಪೆಟ್ರೋಲೂ ಒಂದೇ. ಬೇರೆಯಾದದ್ದು ಅವನ ಬಾಟಲಿ. ಅದರ ಬಾಯಿ ತೆರೆದಿತ್ತು. ನಮ್ಮ ಟ್ಯಾಂಕಿಗೆ ಮುಚ್ಚಳವಿದೆ.

ಮತ್ತೆ ಸ್ಟಾರ್ಟ್ ಮಾಡಿ ಕಾದೆ. ಕೆಮ್ಮು ಶುರುವಾದ ಕೂಡಲೇ ಮುಚ್ಚಳ ತಿರುಗಿಸಿದೆ. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಎಂಜಿನ್ನಿನ ದನಿ ನೆಟ್ಟಗಾಯಿತು. ಪೆಟ್ರೋಲ್ ಕೆಳಗಿಳಿಯಬೇಕಾದರೆ ಮೇಲಿನಿಂದ ಅಷ್ಟೇ ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಮುಚ್ಚಳವನ್ನು ಬಿಸಿಲಿಗೆ ಹಿಡಿದರೆ ನಮ್ಮದರಲ್ಲಿ ಬೆಳಕೇ ಕಾಣಲಿಲ್ಲ. ವರ್ಷವರ್ಷದ ಆಯುಧಪೂಜೆಯ ಅರಿಶಿನ ಕುಂಕುಮ, ಎಣ್ಣೆ ಮತ್ತು ಧೂಳಿನೊಡನೆ ಸೇರಿ, ಪದರಪದರವಾಗಿ ಗಟ್ಟಿಯಾಗಿ ಕುಳಿತಿತ್ತು.

ತಾಳಿಸರದಲ್ಲಿದ್ದ ಪಿನ್ನು ತೆಗೆದು ಕೆರೆಯತೊಡಗಿದೆ. ಪಕ್ಕದಲ್ಲಿ ನಿಂತಿದ್ದ ಅತ್ತೆಯ ಮುಖ ಚಿಕ್ಕದಾಯಿತು. ಆ ಕುಂಕುಮವೆಲ್ಲ ಅವರ ಕೈಯದೇ. ಮಾವ ಹೋದ ಮೇಲಂತೂ ಆ ಎಂಜಿನ್ನಿಗೆ ಇನ್ನಷ್ಟು ಧಾರಾಳವಾಗಿ ಹಚ್ಚುತ್ತಿದ್ದರು.

“ಅಂಗಾದ್ರೆ ಇದರ ಉಸ್ರು ಕಟ್ಸಿದ್ದು ನಾನೇಯಾ?” ಅಂದರು.

“ಪ್ರೀತಿ ವಸಿ ಜಾಸ್ತಿ ಆಗಿತ್ತು ಕಣತ್ತೆ, ಅಷ್ಟೆಯ.”

ಅಂದು ಹೊತ್ತು ಮುಳುಗುವವರೆಗೂ ಪಂಪು ನಿಲ್ಲಲಿಲ್ಲ. ಅಂಚಿನ ಒಂದು ಮಡಿ ಹೋಯಿತು, ಉಳಿದವು ತಲೆಯೆತ್ತಿದವು. ಗುಜರಿಯ ಮಾತೆತ್ತಿದರೆ ಗಂಡನಿಗೆ ಕೆಮ್ಮು ಬರುತ್ತಿತ್ತು.

ಈ ಸಲದ ಆಯುಧಪೂಜೆಯ ದಿನ ಅತ್ತೆ ಕುಂಕುಮದ ಬಟ್ಟಲು ಹಿಡಿದು ಎಂಜಿನ್ನಿಗೆ ಒಂದು ಸುತ್ತು ಬಂದರು. ಎಲ್ಲಿ ಇಡಬೇಕೆಂದು ತೋಚಲಿಲ್ಲ. ಆಮೇಲೆ ನನ್ನನ್ನು ಕರೆದು, “ಇದುಕ್ಕೆ ಎಲ್ಲಿ ಇಟ್ರೆ ನೋವಾಗಕ್ಕಿಲ್ಲ ತೋರ್ಸವ್ವ” ಅಂದರು. ನಾನು ಹಿಡಿಯನ್ನು ತೋರಿಸಿದೆ. ಮಗುವಿನ ಹಣೆಗೆ ಇಡುವಂತೆ ಚಿಕ್ಕದೊಂದು ಬೊಟ್ಟು ಇಟ್ಟು, ಕೈಮುಗಿದು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು.