ಟೀವಿ ಅಕ್ಕನಿಗೆ ದೃಷ್ಟಿ ತೆಗೆದದ್ದು

ಬೆಳಿಗ್ಗೆ ಫೋನಿನಲ್ಲಿ ಒಂದು ವೀಡಿಯೊದಲ್ಲಿ ಟೀವಿ ಅಕ್ಕ ಕಂಡರು. ಕೂದಲು ಪೂರ್ತಿ ಬೆಳ್ಳಗಾಗಿದೆ, ದನಿ ಮಾತ್ರ ಅದೇ.

ನಾನು ಚಿಕ್ಕವನಿದ್ದಾಗ ಪ್ರತಿ ಭಾನುವಾರ ಅವರು ಟೀವಿಯಲ್ಲಿ ನಡೆಸಿಕೊಡುತ್ತಿದ್ದ ಮಕ್ಕಳ ಕಾರ್ಯಕ್ರಮ ನೋಡಲು ಹೊಳೆನರಸೀಪುರದ ನಮ್ಮ ನಡುಮನೆಯಲ್ಲಿ ಬೀದಿಯ ಮಕ್ಕಳೆಲ್ಲ ಸೇರುತ್ತಿದ್ದೆವು. ಅಕ್ಕ, “ತಿಂಡಿ ಆಯ್ತಾ ಮಕ್ಕಳೇ?” ಎಂದರೆ, ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, “ಆಯ್ತು ಕಣವ್ವ, ನಿಂದಾಯ್ತಾ?” ಎನ್ನುತ್ತಿದ್ದಳು.

ಒಂದು ವಾರ ಅಕ್ಕನ ಗಂಟಲು ಕಟ್ಟಿತ್ತು, ಮುಖ ಬಾಡಿತ್ತು.

“ಎಲ್ಲಾರ ಕಣ್ಣೂ ಈ ಮಗಾ ಮ್ಯಾಲೇ. ಅದ್ಕೇ ಇಂಗಾಗದೆ,” ಎಂದ ಅಜ್ಜಿ, ಉಪ್ಪು ಮೆಣಸಿನಕಾಯಿ ಹಿಡಿದು ಟೀವಿಗೆ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ಬಿದ್ದಿದೆ ಎಂಬುದು ಅವಳ ನಂಬಿಕೆ. ಯಾರೂ ಕೆಮ್ಮಲಿಲ್ಲ.

“ನೋಡ್ದಾ, ಒಂಚೂರೂ ಘಾಟಿಲ್ಲ. ಎಷ್ಟ್ ಕಣ್ಣು ಬಿದ್ದಿದ್ವೋ, ಪಾಪ.”

ಮುಂದಿನ ವಾರ ಅಕ್ಕನ ಗಂಟಲು ಸರಿಹೋಗಿತ್ತು. ಅಜ್ಜಿ ಸೆರಗಿನಿಂದ ಟೀವಿಯ ಗಾಜು ಒರೆಸಿದಳು.

ಇವತ್ತಿನ ವೀಡಿಯೊದ ಕೊನೆಯಲ್ಲಿ ಅಕ್ಕ, “ಈಗ ಬೀದೀಲಿ ನಡೆದುಹೋದ್ರೆ ಯಾರೂ ತಿರುಗಿ ನೋಡಲ್ಲ,” ಎಂದು ನಕ್ಕರು. ನನಗೇಕೋ ಸುಮ್ಮನಿರಲಾಗಲಿಲ್ಲ. ಉಪ್ಪು ಮೆಣಸಿನಕಾಯಿ ತಂದು ಫೋನಿಗೆ ನಿವಾಳಿಸಿ ಕಾದ ಬಾಣಲೆಗೆ ಹಾಕಿದೆ.

ಮನೆ ತುಂಬ ಘಾಟು. ಎಲ್ಲರೂ ಕೆಮ್ಮಿದರು.