ಕಿಟಕಿ ಪಕ್ಕದ ಮಂಚದ ದೀಪ

ನನ್ನ ತಮ್ಮನ ಕೆಲಸ ಏನೆಂದು ಯಾರಾದರೂ ಕೇಳಿದರೆ, ‘ಗಂಟೆ ಕಟ್ಟೋನು’ ಎನ್ನುತ್ತಿದ್ದೆ. ಅವನಿಗೆ ಉರಿದುಹೋಗುತ್ತಿತ್ತು. ಕಾರ್ಖಾನೆ, ಗೋದಾಮು, ಆಸ್ಪತ್ರೆಗಳಲ್ಲಿ ಅಪಾಯದ ಸ್ವಿಚ್ಚು ಕೂರಿಸಿ, ಯಾರು ಎಲ್ಲಿಂದ ಒತ್ತಿದರೆಂದು ಬೋರ್ಡಿನ ಮೇಲೆ ದೀಪ ಹತ್ತುವಂತೆ ಮಾಡುವುದು ಅವನ ಕಸುಬು. ಊರಿಗೆಲ್ಲ ಅವನು ತಂತಿ ಮೇಸ್ತ್ರಿ, ನನಗೆ ಮೂಗ. ಮಾತಾಡಿದರೆ ಮುತ್ತು ಉದುರಿಹೋಗುತ್ತದೇನೋ ಎಂಬಂತೆ ಇರುತ್ತಿದ್ದ.

ಇಂಥವನಿಗೆ ಹೆಂಡತಿ ಸಿಕ್ಕಿದ್ದೂ ಕೆಲಸದ ಜಾಗದಲ್ಲೇ. ತಂತಿ ಎಳೆದು ಮುಗಿದ ಮೇಲೆ ಪರೀಕ್ಷೆ ಮಾಡಲು ಇಬ್ಬರು ಬೇಕು. ಒಬ್ಬರು ಒಂದೊಂದೇ ಸ್ವಿಚ್ಚು ಒತ್ತುತ್ತ ಹೋಗಬೇಕು, ಇನ್ನೊಬ್ಬರು ಬೋರ್ಡಿನ ಮುಂದೆ ನಿಂತು, ದೀಪ ಹತ್ತಿದಾಗ ‘ಬಂತು!’ ಎಂದು ಕೂಗಬೇಕು. ಬಿಸ್ಕತ್ತು ಕಾರ್ಖಾನೆಯಲ್ಲಿ ಹಾಗೆ ಒತ್ತಲು ಬಂದವಳು ಪ್ಯಾಕಿಂಗ್ ವಿಭಾಗದ ಹುಡುಗಿ. ಮಾತಿನಮಲ್ಲಿ. ಒಂದು ಸಲ ಒತ್ತಬೇಕಾದ ಕಡೆ ಹತ್ತು ಸಲ ಒತ್ತಿ ಇವನಿಂದ ‘ಬಂತು’ ಅನ್ನಿಸಿದಳಂತೆ. ಮದುವೆಯಾದ ಮೇಲೂ ಅವನ ಪರೀಕ್ಷೆಗಳಿಗೆ ಅವಳೇ ಹೋಗುತ್ತಿದ್ದಳು. ‘ನಿಮ್ಮ ತಮ್ಮನ ಬಾಯಿ ಬಿಡಿಸೋಕೆ ನಂಗಿರೋದು ಇದೊಂದೇ ದಾರಿ ಅತ್ತಿಗೆ’ ಎಂದು ನಗುತ್ತಿದ್ದಳು.

ನಮ್ಮ ಬಡಾವಣೆಯ ಆರೈಕೆ ಮನೆಗೆ ಗಂಟೆ ಕಟ್ಟಿದವನೂ ಅವನೇ. ಮಂಚಕ್ಕೊಂದು ತಂತಿ ಎಳೆದರೆ ಗೋಡೆಯೆಲ್ಲ ತಂತಿಯಾಗುತ್ತದೆ. ಅದಕ್ಕೆ ಕೋಣೆಗೊಂದು ತಂತಿ. ಆಮೇಲೆ ಎಲ್ಲ ಕೋಣೆಗಳ ಕಿಟಕಿ ಪಕ್ಕದ ಮಂಚಗಳಿಗೆ ಸೇರಿ ಒಂದು, ಬಾಗಿಲ ಪಕ್ಕದವಕ್ಕೆ ಸೇರಿ ಇನ್ನೊಂದು. ಎರಡು ತಂತಿ ಎಲ್ಲಿ ಕೂಡುತ್ತವೋ ಆ ಮಂಚದ ದೀಪ ಹತ್ತುತ್ತದೆ. ಇದರಲ್ಲಿ ಒಂದು ತೊಡಕಿದೆ. ಮೊದಲ ಕೋಣೆಯ ಇಬ್ಬರೂ, ಎರಡನೇ ಕೋಣೆಯ ಬಾಗಿಲ ಪಕ್ಕದವರೂ ಒಟ್ಟಿಗೆ ಒತ್ತಿದರೆ, ಕರೆಂಟು ಹಿಂದುಮುಂದಾಗಿ ಸುತ್ತಿ, ಯಾರೂ ಮುಟ್ಟದ ನಾಲ್ಕನೆಯ ದೀಪವೂ, ಎಂದರೆ ಎರಡನೇ ಕೋಣೆಯ ಕಿಟಕಿ ಪಕ್ಕದ್ದೂ, ಹತ್ತಿಕೊಳ್ಳುತ್ತದೆ. ಪ್ರತಿ ಸ್ವಿಚ್ಚಿಗೂ ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡು ಹಾಕಿದರೆ ಸರಿಹೋಗುತ್ತದೆ. ಇವನು ಹಾಕಿರಲಿಲ್ಲ. ‘ಮೂರು ಜನ ಒಟ್ಟಿಗೆ ಎಲ್ಲಿ ಒತ್ತುತ್ತಾರೆ?’ ಅಂದುಕೊಂಡಿದ್ದ. ಚಹಾ ತಡವಾದರೆ ಮುದುಕರು ಏನು ಮಾಡುತ್ತಾರೆಂದು ಅವನಿಗೇನು ಗೊತ್ತು!

ಕೆಲವು ವರ್ಷಗಳ ಮೇಲೆ ಲಕ್ವ ಹೊಡೆದು ಅವನ ಹೆಂಡತಿಯ ಮಾತು ನಿಂತುಹೋಯಿತು. ಅಯ್ಯೋ, ಹೋಗಿ ಹೋಗಿ ಅವಳ ಮಾತೇ ಹೋಗಬೇಕೇ! ಅದೇ ಆರೈಕೆ ಮನೆಯ ಎರಡನೇ ಕೋಣೆಯಲ್ಲಿ ಕಿಟಕಿ ಪಕ್ಕದ ಮಂಚ ಅವಳಿಗೆ ಸಿಕ್ಕಿತು. ಇವನು ಕೆಲಸ ಮುಗಿಸಿ ಬರುವ ಹೆಜ್ಜೆ ಸದ್ದು ಕೇಳಿದರೆ ಸಾಕು, ಸ್ವಿಚ್ಚು ಒತ್ತುತ್ತಿದ್ದಳು. ಇವನು ಬೋರ್ಡಿನ ಹತ್ತಿರದಿಂದಲೇ ‘ಬಂತು!’ ಎಂದು ಕೂಗಿ, ಆಮೇಲೆ ಒಳಗೆ ಹೋಗುತ್ತಿದ್ದ. ‘ಏನು ಬೇಕೇ?’ ಎಂದರೆ ಏನೂ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಹಾಗೇ ಒಂದು ದಿನ ಹೊರಟೂ ಹೋದಳು.

ಅವಳ ಸಾಮಾನು ತರಲು ಹೋದ ಸಂಜೆ ಬೋರ್ಡಿನ ಮೇಲೆ ಅವಳ ದೀಪ ಹತ್ತಿತಂತೆ. ಇವನು ಓಡಿದ್ದಾನೆ. ಮಂಚ ಖಾಲಿ. ಚಹಾ ತಡವಾಗಿತ್ತು, ಮೊದಲ ಕೋಣೆಯ ಇಬ್ಬರೂ ಪಕ್ಕದ ಮಂಚದವರೂ ಒಟ್ಟಿಗೆ ಒತ್ತಿದ್ದರು, ಅಷ್ಟೇ. ಕಾರಣ ಅವನಿಗೆ ಆ ಗಳಿಗೆಯಲ್ಲೇ ಹೊಳೆಯಿತು. ಆದರೂ ಮಾರನೆಯ ದಿನ ಚಹಾ ಹೊತ್ತಿಗೆ ಸರಿಯಾಗಿ ಬಂದು ಬೋರ್ಡಿನ ಮುಂದೆ ನಿಂತ. ಅದರ ಮಾರನೆಯ ದಿನವೂ ನಿಂತ. ದೊಡ್ಡ ಸಿಸ್ಟರ್ ‘ಅದನ್ನ ಸರಿ ಮಾಡಿ ಮೇಸ್ತ್ರಿ, ಸುಮ್‌ಸುಮ್ನೆ ಓಡಿ ಓಡಿ ಸಾಕಾಯ್ತು’ ಎಂದರೆ ‘ನಾಳೆ’ ಎನ್ನುತ್ತಿದ್ದ. ಕೇಳಿದರೆ ನೀವು ನಗುತ್ತೀರಿ: ಜನ್ಮದಲ್ಲಿ ಹರಟೆ ಹೊಡೆಯದ ಈ ಮೂಗ, ಅಡುಗೆಮನೆ ಬಾಗಿಲಲ್ಲಿ ನಿಂತು ಅಡುಗೆಯವಳ ಹತ್ತಿರ ಲೋಕಾಭಿರಾಮ ಮಾತಾಡಿ ಚಹಾ ತಡ ಮಾಡಿಸುತ್ತಿದ್ದ.

ಆಮೇಲೆ ನಾನು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡೆ. ಆರೈಕೆ ಮನೆಯಲ್ಲಿ ಖಾಲಿ ಇದ್ದದ್ದು ಆ ಮಂಚ ಒಂದೇ. ನನ್ನನ್ನು ಅಲ್ಲಿ ಮಲಗಿಸುವಾಗ ಇವನು ಮುಖ ತಿರುಗಿಸಿ ನಿಂತಿದ್ದ.

ಎರಡನೇ ದಿನ ಚಹಾ ಹೊತ್ತಿನಲ್ಲಿ ನನಗೆ ಅವಸರವಾಯಿತು. ಏಳುವಂತಿಲ್ಲ. ಸ್ವಿಚ್ಚು ಒತ್ತಿದೆ. ಒತ್ತಿಯೇ ಹಿಡಿದೆ. ಮೊಗಸಾಲೆಯಲ್ಲಿ ಯಾರೋ ನರ್ಸು ‘ಅದು ಸುಳ್ಳು ದೀಪ, ಬಿಡು, ಮೊದ್ಲು ಚಹಾ ಕೊಡೋಣ’ ಎಂದದ್ದು ಕೇಳಿಸಿತು. ಕೂಗೋಣವೆಂದರೆ ಉಸಿರೆಳೆದರೆ ಸೊಂಟ ಹಿಡಿಯುತ್ತಿತ್ತು. ಆಗ ಇನ್ನೊಂದು ದನಿ, ಮೆಲ್ಲಗೆ, ‘ಬಂತು’ ಎಂದಿತು. ನನ್ನ ತಮ್ಮನ ದನಿ. ನಾನು ಹತ್ತಿಸಿದ ದೀಪವನ್ನು ನೋಡುತ್ತ ನಿಂತಿದ್ದ, ಒಳಗೆ ಮಾತ್ರ ಬರಲಿಲ್ಲ.

ಹಾಸಿಗೆ ಒದ್ದೆಯಾಯಿತು. ಈ ವಯಸ್ಸಿನಲ್ಲಿ, ಸುತ್ತ ಜನರಿರುವಾಗ. ಕೊನೆಗೆ ಅವನು ಬಂದಾಗ ನಾನು ಸುಮ್ಮನಿರಲಿಲ್ಲ.

‘ಲೋ, ಒತ್ತಿದ್ದು ನಾನು ಕಣೋ! ನಿನ್ನಕ್ಕ! ಬದುಕಿರೋಳು!’

ಅವನ ಮುಖ ಬಿಳಿಚಿಕೊಂಡಿತು. ‘ನಾನು ಅವಳು ಅಂತ...’ ಎಂದವನು, ತಾನೇ ಬಕೆಟ್ಟು ತಂದು ನೆಲ ಒರೆಸಿದ. ಅಂದಿದ್ದು ಹೆಚ್ಚಾಯಿತೆಂದು ನನಗೂ ಅನಿಸಿತು, ಆದರೆ ಸೊಂಟವೂ ನೋಯುತ್ತಿತ್ತು.

ಮಾರನೆಯ ದಿನ ಬೆಸುಗೆ ಕಡ್ಡಿ ತಂದು ಒಂದೊಂದೇ ಸ್ವಿಚ್ಚು ಬಿಚ್ಚಿ ಡಯೋಡು ಹಾಕಿದ. ನನ್ನ ಮಂಚದ್ದನ್ನು ಕೊನೆಗೆ ಇಟ್ಟುಕೊಂಡಿದ್ದ. ತಿರುಪು ಬಿಗಿದ ಮೇಲೂ ಅದರ ಮೇಲೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ಕೂತ. ಆಮೇಲೆ ಬೋರ್ಡಿನ ಹತ್ತಿರ ಹೋಗಿ, ಆ ಮೂವರಿಗೂ ಒಟ್ಟಿಗೆ ಒತ್ತಲು ಹೇಳಿದ. ಒತ್ತಿದರು. ನಾನು ಕಿವಿಗೊಟ್ಟು ಮಲಗಿದ್ದೆ.

‘ಏನಾಯ್ತು ಮೇಸ್ತ್ರಿ, ಸರಿಹೋಯ್ತಾ?’ ಸಿಸ್ಟರ್ ಕೇಳಿದರು.

‘ಸರಿಹೋಯ್ತು ಸಿಸ್ಟರ್. ಇನ್ನು ಹತ್ತಲ್ಲ.’

ಅಷ್ಟು ಹೇಳಿ ಅವನು ಅಲ್ಲೇ ನಿಂತ. ಹೋಗುವ ಹೆಜ್ಜೆ ಸದ್ದು ಕೇಳಿಸಲಿಲ್ಲ. ತಡೆಯಲಾರದೆ ಸ್ವಿಚ್ಚು ಒತ್ತಿಬಿಟ್ಟೆ.

ದಡದಡ ಓಡಿ ಬಂದ. ಬಾಗಿಲಲ್ಲಿ ನಿಂತು ಮಂಚ ನೋಡಿದ. ನಾನೇ ಇದ್ದೆ. ಅವನು ಬಾಗಿಲ ಚೌಕಟ್ಟು ಹಿಡಿದು ಉಸಿರು ಸುಧಾರಿಸಿಕೊಂಡ.

‘ಏನು ಬೇಕಕ್ಕಾ?’

‘ನೀರು’ ಎಂದೆ. ಬಾಯಾರಿರಲಿಲ್ಲ. ಅವನು ತಂದುಕೊಟ್ಟ ಲೋಟ ಪೂರ್ತಿ ಕುಡಿದೆ.