ಯುದ್ಧದಲ್ಲಿ ಹೋದವರು

ಮಹಾಯುದ್ಧದಿಂದ ನಮ್ಮಣ್ಣ ಒಂದು ಕಾಲು ಎಳೆಯುತ್ತಾ ಬಂದ. ಬಂದನಲ್ಲ, ಅದೇ ನಮಗೆ ಹಬ್ಬ. ಅವನ ಜೊತೆ ಮಹಾರಾಜರ ದಂಡಿನಲ್ಲಿ ಹೊರಟಿದ್ದ ನಮ್ಮೂರಿನ ಮಿಕ್ಕವರು ಯಾರೂ ಬರಲಿಲ್ಲ. ಯುದ್ಧಕ್ಕೆ ಹೋದವರೆಲ್ಲರ ಗೌರವಕ್ಕೆಂದು ಸರ್ಕಾರ ಊರಿಗೊಂದು ಪಾರ್ಕು ಮಂಜೂರು ಮಾಡಿತು. ಕುಡಿಯುವ ನೀರಿಗೇ ಗತಿಯಿಲ್ಲದ ಊರಿಗೆ ಪಾರ್ಕು! ಮುನಿಸಿಪಾಲಿಟಿಯವರು ಕಬ್ಬಿಣದ ಬೇಲಿ ಹಾಕಿಸಿ, ಹೂವಿನ ಗಿಡ ನೆಡಿಸಿದರು. ಮದಲೂರು ಕೆರೆಯಿಂದ ಗಾಡಿಯಲ್ಲಿ ನೀರು ಹೊಡೆಸಿ ಎಂದರೆ ಅದಕ್ಕೆ ಹಣವಿಲ್ಲವಂತೆ. ಗಿಡಗಳು ಯುಗಾದಿಗೆ ಮುಂಚೆಯೇ ಒಣಗಿದವು. ಉಳಿದದ್ದು ನಡುವೆ ನಿಲ್ಲಿಸಿದ ಕಲ್ಲೊಂದೇ.

ಆ ಕಲ್ಲಿನ ಮೇಲೆ 'ಮಹಾಯುದ್ಧಕ್ಕೆ ಹೋದವರು' ಎಂದು ಇರಬೇಕಿತ್ತು. ಯಾವ ಪುಣ್ಯಾತ್ಮ ಬರೆದುಕೊಟ್ಟನೋ, 'ಮಹಾಯುದ್ಧದಲ್ಲಿ ಹೋದವರು' ಎಂದು ಕೆತ್ತಿದ್ದರು. ಕೆಳಗೆ ಮೊದಲ ಹೆಸರೇ ನಮ್ಮಣ್ಣನದು. ಅಣ್ಣ ಓದಿ ನಕ್ಕ. ಅತ್ತಿಗೆ ನಗಲಿಲ್ಲ. ನಮ್ಮ ಕಡೆ ಕಲ್ಲಿಗೆ ಹೆಸರು ಬೀಳುವುದು ಸತ್ತ ಮೇಲೆ. ಆ ವರ್ಷ ಬೀದಿಯ ಮದುವೆಗಳಿಗೆ ಅರಿಶಿನ ಕುಟ್ಟಲು ಮುತ್ತೈದೆಯರನ್ನು ಕರೆಯಲು ಬಂದವರು ನಮ್ಮ ಬಾಗಿಲು ಬಿಟ್ಟು ಪಕ್ಕದ ಮನೆಗೆ ಹೋದರು.

"ಅವ್ರು ಜಗ್ಲಿ ಮ್ಯಾಲೆ ಕಲ್ಲುಗುಂಡ್ನಂಗೆ ಕುಂತವ್ರೆ. ನನ್ ಕುಂಕ್ಮುಕ್ಕೆ ಏನಾಗೈತಂತೆ? ಆ ಅಕ್ಸರ ಒಂದು ತಿದ್ಸಿಬುಡಪ್ಪಾ" ಎಂದು ಅತ್ತಿಗೆ ನನ್ನ ಮುಂದೆ ಅತ್ತಳು.

ಮುನಿಸಿಪಾಲಿಟಿಗೆ ತಿರುಗಿ ತಿರುಗಿ ನನ್ನ ಚಪ್ಪಲಿ ಸವೆಯಿತು. ಕೊನೆಗೆ ಅಣ್ಣನನ್ನೇ ಕರೆದುಕೊಂಡು ಹೋಗಿ ಅಧ್ಯಕ್ಷರ ಎದುರು ನಿಲ್ಲಿಸಿದೆ. ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಗ್ರಾಂಟು ಬಂದಿರೋದು ಸತ್ತೋರ ಸ್ಮಾರಕಕ್ಕೆ ಕಣಯ್ಯಾ. ಇವ್ನು ಬದುಕವ್ನೆ ಅಂತ ಬರೆದ್ರೆ ದುಡ್ಡು ವಾಪಸ್ ಕೇಳ್ತಾರೆ. ಮಿಕ್ಕೋರು ಯಾರೂ ದೂರು ಕೊಟ್ಟಿಲ್ವಲ್ಲ, ನಿಂದೇನು?"

ಮಿಕ್ಕವರು ಎಲ್ಲಿಂದ ಬಂದು ದೂರು ಕೊಡಬೇಕು! ನನಗೆ ಮೈಯೆಲ್ಲ ಉರಿದುಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಅಣ್ಣ ಮಾತ್ರ "ಬುಡ್ಲಾ, ಹೋಗನ" ಎಂದ.

ಅತ್ತಿಗೆ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಬಟ್ಟಲಲ್ಲಿ ಗಾರೆ ಕಲಸಿಕೊಂಡು ಹೋಗಿ, ಊರೆಲ್ಲ ನೋಡುತ್ತಿರುವಾಗಲೇ ಗಂಡನ ಹೆಸರಿಗೆ ಮೆತ್ತಿ ಬಂದಳು. ಸಂಜೆಯೊಳಗೆ ಮುನಿಸಿಪಾಲಿಟಿ ಜವಾನ ಬಾಗಿಲಲ್ಲಿದ್ದ.

"ಸರ್ಕಾರಿ ಕಲ್ಲು ಕೆಡ್ಸಿದ್ದುಕ್ಕೆ ದಂಡ ಆಗೈತೆ. ಹೆಂಗಸ್ರು ಬರಾಂಗಿಲ್ಲ, ಗಂಡನೇ ಬಂದು ಕಟ್ಬೇಕಂತೆ."

ಅಣ್ಣ ಕಾಲೆಳೆಯುತ್ತಾ ಹೋಗಿ ಕಟ್ಟಿ ಬಂದ. ನೀನು ಬದುಕಿದ್ದೀಯಾ ಎಂದು ಆವತ್ತು ಅವನನ್ನು ಯಾರೂ ಕೇಳಲಿಲ್ಲ.

ಪಾರ್ಕಿಗೆ ಹಣವಿಲ್ಲ ಎನ್ನುತ್ತಿದ್ದವರು ಆ ದಂಡದ ದುಡ್ಡಿನಲ್ಲೇ ಗಾರೆ ತೆಗೆಸಿ, ಅಕ್ಷರಗಳಿಗೆ ಕಪ್ಪು ಬಣ್ಣ ತುಂಬಿಸಿದರು. ಈಗ ಅಣ್ಣನ ಹೆಸರು ಪುರವರಕ್ಕೆ ಹೋಗುವ ರಸ್ತೆಗೇ ಕಾಣುತ್ತಿತ್ತು. ಮುಂದಿನ ಮದುವೆಗೂ ಅತ್ತಿಗೆಯನ್ನು ಯಾರೂ ಕರೆಯಲಿಲ್ಲ.